ಜಾಲತಾಣಕ್ಕೆ ಹಕ್ಕುಸ್ವಾಮ್ಯದ ಸೂಚನೆ ಬೇಕೇ?

ಮಾನ್ಯರೇ,

ಯಾವುದೇ ಜಾಲತಾಣವನ್ನು ತೆರೆದು ಪುಟದ ಕೊನೆಯವರೆಗೆ ಹೋದರೆ ಅಲ್ಲಿ ಸಾಮಾನ್ಯವಾಗಿ ಒಂದು ಸಾಲು ಕಾಣಿಸುತ್ತದೆ: ವೃತ್ತದೊಳಗೆ ಬರೆದ ‘ಸಿ’ ಅಕ್ಷರ, ಒಂದು ಇಸವಿ, ಒಂದು ಹೆಸರು, ಅದರ ಬೆನ್ನಿಗೇ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂಬ ಮಾತು. ಈ ಸಾಲು ಇಲ್ಲದಿದ್ದರೆ ಅಲ್ಲಿರುವ ಬರಹ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಸ್ವತ್ತಾಗಿಬಿಡುತ್ತದೆಯೇ ಎಂದು ಜಾಲತಾಣ ನಡೆಸುವವರು ಕೇಳುತ್ತಾರೆ. ಸಾಲು ಇದ್ದರೆ ಹೆಚ್ಚಿನ ರಕ್ಷಣೆ ಸಿಗುತ್ತದೆಯೇ ಎಂದೂ ಕೇಳುತ್ತಾರೆ. ಮೊದಲ ಪ್ರಶ್ನೆಗೆ ಇಂದು ಜಗತ್ತಿನ ಬಹುತೇಕ ಎಲ್ಲ ದೇಶಗಳಲ್ಲಿ ಇರುವ ಉತ್ತರ ಒಂದೇ: ಇಲ್ಲ, ಸೂಚನೆ ಇಲ್ಲದಿದ್ದರೂ ಹಕ್ಕು ಇದ್ದೇ ಇರುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ನೇರವಲ್ಲ. ಸೂಚನೆಯಿಂದ ಕೆಲವು ನಿಜವಾದ ಪ್ರಯೋಜನಗಳಿವೆ, ಆದರೆ ನಾವು ರೂಢಿಯಿಂದ ಬರೆಯುವ ಆ ಸಾಲು ಅವುಗಳಲ್ಲಿ ಹೆಚ್ಚಿನದನ್ನು ಒದಗಿಸುವುದಿಲ್ಲ. ಜಾಲತಾಣಕ್ಕೆ ಬೇಕಾಗಿರುವುದು ಎಚ್ಚರಿಕೆಯ ಮಾತಲ್ಲ, ಮಾಹಿತಿ. ಇದು ಯಾರ ಕೃತಿ, ಎಂದು ಪ್ರಕಟವಾಯಿತು, ಇದನ್ನು ಬಳಸಲು ಯಾರನ್ನು ಕೇಳಬೇಕು ಎಂಬ ಮಾಹಿತಿ. ಈ ಉಪನ್ಯಾಸದಲ್ಲಿ ನಾನು ಮುಂದಿಡಬಯಸುವ ವಾದ ಇಷ್ಟೇ.

ಹಕ್ಕು ಸೂಚನೆಯಿಂದ ಹುಟ್ಟುತ್ತದೆ ಎಂಬ ನಂಬಿಕೆ ಬುಡವಿಲ್ಲದ್ದೇನೂ ಅಲ್ಲ. ಒಂದು ಕಾಲದಲ್ಲಿ ಅದು ಅಕ್ಷರಶಃ ನಿಜವಾಗಿತ್ತು. ಆಧುನಿಕ ಹಕ್ಕುಸ್ವಾಮ್ಯದ ಮೊದಲ ಶಾಸನವೆಂದು ಪರಿಗಣಿಸಲಾಗುವ, ಬ್ರಿಟನ್ನಿನ ರಾಣಿ ಆನ್ ಕಾಲದ 1710ರ ಕಾನೂನಿನಡಿ ದಂಡ ವಿಧಿಸಬೇಕಾದರೆ ಪುಸ್ತಕದ ಹೆಸರನ್ನು ಲಂಡನ್ನಿನ ಮುದ್ರಕರ ಮತ್ತು ಪುಸ್ತಕ ವ್ಯಾಪಾರಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಯ ದಾಖಲೆ ಪುಸ್ತಕದಲ್ಲಿ ಬರೆಸಿರಬೇಕಿತ್ತು. ಅಮೆರಿಕದ ಸಂಯುಕ್ತ ಸಂಸ್ಥಾನ 1790ರಲ್ಲಿ ತನ್ನ ಮೊದಲ ಕಾನೂನನ್ನು ಮಾಡಿ, 1802ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಕೃತಿಯ ಮೇಲೆಯೇ ಸೂಚನೆಯನ್ನು ಮುದ್ರಿಸಬೇಕೆಂದು ವಿಧಿಸಿತು. ಯುರೋಪಿನ ದೇಶಗಳು ಬೇರೆ ದಾರಿ ಹಿಡಿದವು. ಲೇಖಕರ ಹಕ್ಕುಗಳಿಗಾಗಿ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದ 1908ರಲ್ಲಿ ಬರ್ಲಿನ್ನಿನಲ್ಲಿ ಪರಿಷ್ಕೃತವಾದಾಗ, ಲೇಖಕನ ಹಕ್ಕು ಯಾವುದೇ ವಿಧಿವಿಧಾನವನ್ನು ಅವಲಂಬಿಸಬಾರದು ಎಂಬ ತತ್ವ ಅದರೊಳಗೆ ಬಂತು. ನೋಂದಣಿ ಬೇಡ, ಠೇವಣಿ ಬೇಡ, ಚಿಹ್ನೆಯೂ ಬೇಡ. ಕೃತಿ ರಚನೆಯಾದರೆ ಹಕ್ಕು ಹುಟ್ಟಿತು. ಇಂದಿಗೂ ಆ ಒಪ್ಪಂದದ ಐದನೆಯ ವಿಧಿ ಇದನ್ನೇ ಹೇಳುತ್ತದೆ, ಮತ್ತು 180ಕ್ಕೂ ಹೆಚ್ಚು ದೇಶಗಳು ಅದಕ್ಕೆ ಸಹಿ ಹಾಕಿವೆ.

ಅಮೆರಿಕವಾದರೋ ಆಮೇಲೂ ಎಂಬತ್ತು ವರ್ಷ ಇದರ ಹೊರಗೇ ಉಳಿಯಿತು, ಮತ್ತು ಸೂಚನೆಯ ಕುರಿತ ನಮ್ಮ ಎಲ್ಲ ಭಯಗಳು ಆ ದೇಶದ ಆ ಅವಧಿಯಿಂದ ಬಂದವು. ಅಲ್ಲಿನ 1909ರ ಕಾನೂನಿನಡಿ ಸೂಚನೆಯಿಲ್ಲದೆ ಪ್ರಕಟವಾದ ಕೃತಿ ಸಾಮಾನ್ಯವಾಗಿ ಆ ಕ್ಷಣದಿಂದಲೇ ಸಾರ್ವಜನಿಕರ ಸ್ವತ್ತಾಗುತ್ತಿತ್ತು. ತಿದ್ದಿಕೊಳ್ಳಲು ದಾರಿ ಬಹಳ ಕಿರಿದಾಗಿತ್ತು. 1968ರಲ್ಲಿ ತೆರೆಕಂಡ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಎಂಬ ಚಲನಚಿತ್ರಕ್ಕೆ ಮೊದಲು ಬೇರೊಂದು ಹೆಸರಿತ್ತು, ಹಕ್ಕಿನ ಸೂಚನೆ ಆ ಹಳೆಯ ಶೀರ್ಷಿಕೆಯ ಚೌಕಟ್ಟಿನಲ್ಲಿತ್ತು. ಹೆಸರು ಬದಲಾಯಿಸಿದ ವಿತರಕರು ಹೊಸ ಚೌಕಟ್ಟಿನಲ್ಲಿ ಸೂಚನೆಯನ್ನು ಹಾಕಲು ಮರೆತರು, ಅಷ್ಟಕ್ಕೇ ಚಿತ್ರದ ಹಕ್ಕು ಹೋಯಿತು. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣದ ಪ್ರತಿಗಳನ್ನು ಪತ್ರಕರ್ತರಿಗೆ ಸೂಚನೆಯಿಲ್ಲದೆ ಹಂಚಲಾಗಿತ್ತು. ಆ ಕಾರಣಕ್ಕೆ ಭಾಷಣದ ಮೇಲಿನ ಹಕ್ಕು ನಷ್ಟವಾಗಿದೆ ಎಂದು ಕೆಳ ನ್ಯಾಯಾಲಯ ತೀರ್ಪಿತ್ತಿತು. 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಲಕ್ಷಾಂತರ ಜನರ ಮುಂದೆ ಮಾತನಾಡುವುದಾಗಲಿ ಸುದ್ದಿಗಾಗಿ ಪತ್ರಕರ್ತರಿಗೆ ಪ್ರತಿ ಕೊಡುವುದಾಗಲಿ ತನ್ನಷ್ಟಕ್ಕೆ ಆ ಕಾನೂನಿನ ಅರ್ಥದ ಪ್ರಕಟಣೆಯಾಗುವುದಿಲ್ಲ ಎಂದಿತು. ಇಷ್ಟು ದೊಡ್ಡ ಭಾಷಣದ ಒಡೆತನ ಒಂದು ಸಾಲಿನ ಇರುವಿಕೆಯ ಮೇಲೆ ತೂಗಾಡುತ್ತಿತ್ತು ಎಂಬುದನ್ನು ನೆನೆದರೆ, ಪುಟದ ತಳದಲ್ಲಿ ಸೂಚನೆ ಇಲ್ಲದಿದ್ದರೆ ಎಲ್ಲ ಹೋದೀತು ಎಂದು ಅಂಜುವವರನ್ನು ನಾವು ಹಗುರವಾಗಿ ಕಾಣಲಾಗದು.

ಆ ಸಾಲಿನ ಎರಡು ತುಂಡುಗಳಿಗೂ ಇಂಥ ಹಿನ್ನೆಲೆಯಿದೆ. ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂಬ ಮಾತು ಅಮೆರಿಕ ಖಂಡಗಳ ದೇಶಗಳು 1910ರಲ್ಲಿ ಮಾಡಿಕೊಂಡ ಬ್ಯೂನಸ್ ಐರಿಸ್ ಒಪ್ಪಂದಕ್ಕೆ ಸಂಬಂಧಿಸಿದ್ದು. ಹಕ್ಕನ್ನು ಕಾಯ್ದಿರಿಸಿದೆ ಎಂದು ಕೃತಿಯ ಮೇಲೆ ತೋರಿಸಿದ್ದರೆ ಆ ಒಪ್ಪಂದದ ಇತರ ದೇಶಗಳಲ್ಲೂ ರಕ್ಷಣೆ ದೊರೆಯುತ್ತಿತ್ತು. ಆ ಗುಂಪಿನಲ್ಲಿ ಉಳಿದಿದ್ದ ಕೊನೆಯ ದೇಶವಾದ ನಿಕರಾಗುವಾ 2000ದಲ್ಲಿ ಬರ್ನ್ ಒಪ್ಪಂದವನ್ನು ಸೇರಿದ ಮೇಲೆ ಆ ಮಾತಿಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಮಾಡಬೇಕಾದ ಕೆಲಸ ಉಳಿದಿಲ್ಲ. ವೃತ್ತದೊಳಗಿನ ‘ಸಿ’ ಅಮೆರಿಕದ ಕಾನೂನಿನಲ್ಲಿ ಕಲಾಕೃತಿ, ಭೂಪಟ ಮೊದಲಾದವುಗಳಿಗಾಗಿ ಮೊದಲೇ ಇತ್ತಾದರೂ, ಅದನ್ನು ಜಗತ್ತಿನಾದ್ಯಂತ ಪರಿಚಯಿಸಿದ್ದು 1952ರಲ್ಲಿ ಜಿನೀವಾದಲ್ಲಿ ರೂಪುಗೊಂಡ ಸಾರ್ವತ್ರಿಕ ಹಕ್ಕುಸ್ವಾಮ್ಯ ಒಪ್ಪಂದ. ವಿಧಿವಿಧಾನ ಬೇಕೆನ್ನುವ ದೇಶಗಳನ್ನೂ ಬೇಡವೆನ್ನುವ ದೇಶಗಳನ್ನೂ ಬೆಸೆಯುವುದು ಅದರ ಉದ್ದೇಶವಾಗಿತ್ತು: ಚಿಹ್ನೆ, ಒಡೆಯನ ಹೆಸರು, ಮೊದಲು ಪ್ರಕಟವಾದ ಇಸವಿ ಈ ಮೂರೂ ಕೃತಿಯ ಮೇಲಿದ್ದರೆ ಯಾವ ಸದಸ್ಯ ದೇಶದ ವಿಧಿವಿಧಾನವೂ ಪೂರೈಸಿದಂತೆ ಎಂದು ಅದು ಹೇಳಿತು. ಹಾಗಾಗಿ ಅದು ಬೆದರಿಕೆಯ ಚಿಹ್ನೆಯಾಗಿ ಹುಟ್ಟಿದ್ದಲ್ಲ. ಲೇಖಕರ ತೊಡಕನ್ನು ಕಡಿಮೆ ಮಾಡಲು ಹುಟ್ಟಿದ್ದು.

ಅಮೆರಿಕ 1978ರಿಂದ ಜಾರಿಗೆ ಬಂದ ಕಾನೂನಿನಲ್ಲಿ ತನ್ನ ಬಿಗಿಯನ್ನು ಸಡಿಲಿಸಿ, ಕೊನೆಗೆ 1989ರ ಮಾರ್ಚ್ 1ರಂದು ಬರ್ನ್ ಒಪ್ಪಂದವನ್ನು ಸೇರಿ, ಅಂದಿನಿಂದ ಪ್ರಕಟವಾಗುವ ಕೃತಿಗಳಿಗೆ ಸೂಚನೆ ಕಡ್ಡಾಯವಲ್ಲವೆಂದಿತು. ಟಿಮ್ ಬರ್ನರ್ಸ್-ಲೀ ಜಿನೀವಾದ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ವಿಶ್ವವ್ಯಾಪಿ ಜಾಲಕ್ಕೆ ಮೂಲವಾದ ತಮ್ಮ ಪ್ರಸ್ತಾವವನ್ನು ಬರೆದದ್ದೂ 1989ರ ಮಾರ್ಚ್ ತಿಂಗಳಲ್ಲೇ. ಹೀಗೆ ಸೂಚನೆಯನ್ನು ಕಡ್ಡಾಯಗೊಳಿಸಿದ್ದ ದೊಡ್ಡ ದೇಶ ಅದನ್ನು ಕೈಬಿಟ್ಟ ತಿಂಗಳಲ್ಲೇ ಜಾಲದ ಕಲ್ಪನೆ ಕಾಗದಕ್ಕೆ ಬಂತು. ಜಾಲದಲ್ಲಿ ಮೊದಲು ಪ್ರಕಟವಾದ ಯಾವ ಪುಟಕ್ಕೂ ಆ ದೇಶದಲ್ಲಿ ಸೂಚನೆ ಒಂದು ದಿನವೂ ಕಡ್ಡಾಯವಾಗಿರಲಿಲ್ಲ. ಆದರೂ ನಾವು ಮುದ್ರಣ ಯುಗದ ಸಾಲನ್ನು ಹೊತ್ತು ತಂದು ಪ್ರತಿ ಪುಟದ ಕೆಳಗೂ ಇರಿಸಿದ್ದೇವೆ, ಮತ್ತು ಅದು ಏನು ಮಾಡುತ್ತದೆಂದು ಅಪರೂಪಕ್ಕೆ ಕೇಳುತ್ತೇವೆ.

ಹೆಸರುಫಲಕ ಇಲ್ಲದ ಮನೆಯೂ ಒಡೆಯನದೇ ಆಗಿರುವಂತೆ, ಸೂಚನೆ ಇಲ್ಲದ ಬರಹವೂ ಬರೆದವನದೇ ಎಂಬುದನ್ನು ಒಪ್ಪಿದ ಮೇಲೆ, ಫಲಕದ ಉಪಯೋಗವೇನು ಎಂಬ ವಿಚಾರಕ್ಕೆ ಬರೋಣ. ಇಲ್ಲಿ ನಾಲ್ಕಾರು ಸಂಗತಿಗಳು ನಿಜವಾಗಿಯೂ ತೂಕವುಳ್ಳವು, ಮತ್ತು ಸೂಚನೆ ಬೇಡವೇ ಬೇಡ ಎನ್ನುವವರು ಇವನ್ನು ಬದಿಗೆ ಸರಿಸುತ್ತಾರೆ.

ಮೊದಲನೆಯದು, ‘ನನಗೆ ಗೊತ್ತಿರಲಿಲ್ಲ’ ಎಂಬ ಸಮರ್ಥನೆ. ಅಮೆರಿಕದ ಕಾನೂನಿನಲ್ಲಿ ನಷ್ಟದ ಲೆಕ್ಕ ಕೇಳದೆಯೇ ನ್ಯಾಯಾಲಯ ವಿಧಿಸಬಹುದಾದ ಶಾಸನಬದ್ಧ ಪರಿಹಾರ ಸಾಮಾನ್ಯವಾಗಿ ಪ್ರತಿ ಕೃತಿಗೆ 750 ಡಾಲರಿನಿಂದ ಆರಂಭವಾಗುತ್ತದೆ. ಉಲ್ಲಂಘಿಸಿದವನು ತಿಳಿಯದೆ ಮಾಡಿದೆನೆಂದು ಸಾಬೀತುಪಡಿಸಿದರೆ ಅದನ್ನು 200 ಡಾಲರಿಗೆ ಇಳಿಸಲು ಅವಕಾಶವಿದೆ. ಅವನು ನೋಡಿದ ಪ್ರತಿಯಲ್ಲಿ ಸರಿಯಾದ ಸೂಚನೆ ಇತ್ತೆಂದಾದರೆ ಈ ಸಮರ್ಥನೆಗೆ ಬೆಲೆ ಕೊಡಬೇಕಾಗಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಭಾರತದ 1957ರ ಕಾಯ್ದೆಯ 55ನೆಯ ಕಲಮಿನಲ್ಲೂ ಇದಕ್ಕೆ ಸಮೀಪದ ವಿಚಾರವಿದೆ: ಕೃತಿಗೆ ಹಕ್ಕುಸ್ವಾಮ್ಯವಿದೆ ಎಂದು ಪ್ರತಿವಾದಿಗೆ ತಿಳಿದಿರಲಿಲ್ಲ, ಹಾಗೆ ನಂಬಲು ಸಕಾರಣವೂ ಇರಲಿಲ್ಲ ಎಂದು ಅವನು ಸಾಬೀತುಪಡಿಸಿದರೆ, ಒಡೆಯನಿಗೆ ತಡೆಯಾಜ್ಞೆಯೂ ಲಾಭದ ಪೂರ್ತಿ ಅಥವಾ ಸ್ವಲ್ಪ ಭಾಗವೂ ದೊರೆಯಬಹುದೇ ಹೊರತು ಬೇರೆ ಪರಿಹಾರ ದೊರೆಯದು. ಕಣ್ಣಿಗೆ ಬೀಳುವಂತೆ ಹೆಸರು, ದಿನಾಂಕ ಇರುವ ಪುಟದಿಂದ ಬರಹವನ್ನು ಎತ್ತಿಕೊಂಡವನು ಇಂಥ ಸಮರ್ಥನೆಯನ್ನು ಮುಂದಿಡುವುದು ಕಷ್ಟ. ಆದರೆ ಈ ಪ್ರಯೋಜನವನ್ನು ಹಿಗ್ಗಿಸಿ ಹೇಳಬಾರದು. ಅಮೆರಿಕದಲ್ಲಿ ಶಾಸನಬದ್ಧ ಪರಿಹಾರ ಬೇಕೆಂದರೆ ಕೃತಿ ಸಕಾಲದಲ್ಲಿ ನೋಂದಣಿಯಾಗಿರಬೇಕು, ಸೂಚನೆಯೊಂದೇ ಸಾಲದು. ಮೊಕದ್ದಮೆ ಹೂಡುವ ಉದ್ದೇಶವೇ ಇಲ್ಲದ ಸಾವಿರಾರು ಸಣ್ಣ ಜಾಲತಾಣಗಳಿಗೆ ಇದು ದೂರದ ಲೆಕ್ಕ.

ಎರಡನೆಯದು ಕಡಿಮೆ ಜನರಿಗೆ ಗೊತ್ತಿರುವಂಥದು, ನನ್ನ ಮಟ್ಟಿಗೆ ಹೆಚ್ಚು ಕುತೂಹಲಕರವೂ ಹೌದು. ಬರ್ನ್ ಒಪ್ಪಂದದ ಹತ್ತನೆಯ ವಿಧಿಯ ಜತೆಗೆ ಸೇರಿಸಿದ ಒಂದು ಉಪವಿಧಿಯ ಪ್ರಕಾರ, ಪತ್ರಿಕೆಗಳಲ್ಲಿ ಬಂದ ಪ್ರಚಲಿತ ಆರ್ಥಿಕ, ರಾಜಕೀಯ ಅಥವಾ ಧಾರ್ಮಿಕ ವಿಷಯಗಳ ಲೇಖನಗಳನ್ನು ಬೇರೆ ಪತ್ರಿಕೆಗಳು ಮರುಮುದ್ರಿಸಲು ಸದಸ್ಯ ದೇಶಗಳು ಅನುಮತಿ ಕೊಡಬಹುದು. ಆದರೆ ಆ ಹಕ್ಕನ್ನು ಸ್ಪಷ್ಟವಾಗಿ ಕಾಯ್ದಿರಿಸಿದ್ದರೆ ಈ ಅನುಮತಿ ಅನ್ವಯಿಸುವುದಿಲ್ಲ. ಭಾರತದ ಕಾಯ್ದೆಯ 52ನೆಯ ಕಲಮೂ ಇಂಥದೇ ವಿನಾಯಿತಿಯನ್ನು ಕೊಟ್ಟು, ಲೇಖಕ ಸ್ಪಷ್ಟವಾಗಿ ಕಾಯ್ದಿರಿಸಿದ ಸಂದರ್ಭವನ್ನು ಹೊರಗಿಟ್ಟಿದೆ. ಅಂದರೆ ಪ್ರಚಲಿತ ವಿದ್ಯಮಾನಗಳ ಕುರಿತು ಬರೆಯುವವರ ಪಾಲಿಗೆ ‘ಕಾಯ್ದಿರಿಸಲಾಗಿದೆ’ ಎಂಬ ಹಳೆಯ ಮಾತು ಒಂದು ಮೂಲೆಯಲ್ಲಿ ಇನ್ನೂ ಜೀವಂತವಾಗಿದೆ. ಜಾಲತಾಣದ ಬರಹ ಆ ವಿನಾಯಿತಿಯ ವ್ಯಾಪ್ತಿಗೆ ಬರುತ್ತದೆಯೇ ಎಂಬುದು ಆಯಾ ದೇಶದ ಕಾನೂನಿನ ಪದಗಳನ್ನು ಅವಲಂಬಿಸಿದೆ. ಇಂಥ ಲೇಖನಗಳನ್ನು ಪ್ರಕಟಿಸುವವರು, ಮರುಪ್ರಕಟಣೆಗೆ ಅನುಮತಿ ಬೇಕು ಎಂದು ಲೇಖನದ ಜತೆಗೇ ಒಂದು ವಾಕ್ಯ ಬರೆದಿಟ್ಟರೆ ಅದು ವ್ಯರ್ಥವಲ್ಲ.

ಮೂರನೆಯದು, ಕೃತಿಗೆ ಅಂಟಿಕೊಂಡಿರುವ ಮಾಹಿತಿಗೇ ಕಾನೂನು ಕೊಟ್ಟಿರುವ ರಕ್ಷಣೆ. 1996ರಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಹಕ್ಕುಸ್ವಾಮ್ಯ ಒಪ್ಪಂದ, ಕೃತಿ ಯಾವುದು, ಲೇಖಕ ಯಾರು, ಬಳಕೆಯ ಷರತ್ತುಗಳೇನು ಎಂದು ತಿಳಿಸುವ ವಿದ್ಯುನ್ಮಾನ ಮಾಹಿತಿಯನ್ನು ಉಲ್ಲಂಘನೆಗೆ ಅನುಕೂಲವಾಗುವಂತೆ ತಿಳಿದೂ ಅಳಿಸಿಹಾಕುವುದನ್ನು ತಡೆಯಬೇಕೆಂದು ಸದಸ್ಯ ದೇಶಗಳಿಗೆ ಹೇಳಿತು. ಅಮೆರಿಕ ಅದನ್ನು 1998ರಲ್ಲಿ, ಭಾರತ 2012ರ ತಿದ್ದುಪಡಿಯಲ್ಲಿ ತಮ್ಮ ಕಾನೂನಿಗೆ ಸೇರಿಸಿಕೊಂಡವು. ಹೀಗೆ ಒಂದು ಛಾಯಾಚಿತ್ರದ ಮೂಲೆಯಲ್ಲಿರುವ ಹೆಸರನ್ನು ಕತ್ತರಿಸಿ ಹಾಕುವುದು, ಚಿತ್ರವನ್ನು ನಕಲು ಮಾಡಿದ ತಪ್ಪಿಗಿಂತ ಬೇರೆಯಾದ ಇನ್ನೊಂದು ತಪ್ಪಾಗಬಲ್ಲದು. ಆದರೆ ಹೆಸರು ಇದ್ದರಲ್ಲವೇ ಅಳಿಸುವ ಮಾತು? ಪುಟದ ತಳದಲ್ಲಿ ಸಂಸ್ಥೆಯ ಹೆಸರನ್ನಷ್ಟೇ ಬರೆದು, ಚಿತ್ರದ ಪಕ್ಕದಲ್ಲಾಗಲಿ ಅದರ ಕಡತದೊಳಗೆ ಅಡಗಿರುವ ವಿವರಗಳಲ್ಲಿ, ಅಂದರೆ ಮೆಟಾಡೇಟಾದಲ್ಲಾಗಲಿ ಛಾಯಾಗ್ರಾಹಕರ ಹೆಸರನ್ನು ನಮೂದಿಸದೆ ಬಿಟ್ಟರೆ, ಚಿತ್ರ ಪುಟದಿಂದ ಬೇರ್ಪಟ್ಟು ಹೊರಟ ಕೂಡಲೇ ಅದು ಯಾರದ್ದೂ ಅಲ್ಲದಂತೆ ಕಾಣತೊಡಗುತ್ತದೆ. ಜಾಲದಲ್ಲಿ ಚಿತ್ರಗಳು ಪುಟವನ್ನು ಹೊತ್ತುಕೊಂಡು ತಿರುಗುವುದಿಲ್ಲ. ಚಿತ್ರ ಏರಿಸುವ ಹಲವು ವೇದಿಕೆಗಳು ಮೆಟಾಡೇಟಾವನ್ನು ತಾವಾಗಿಯೇ ಕಳಚಿಬಿಡುತ್ತವೆ, ಆದ್ದರಿಂದ ಹೆಸರು ಚಿತ್ರದ ಒಳಗೂ ಹೊರಗೂ ಇರುವುದು ಒಳ್ಳೆಯದು.

ನಾಲ್ಕನೆಯದು ತೀರ ಹೊಸದು. ಐರೋಪ್ಯ ಒಕ್ಕೂಟದ 2019ರ ನಿರ್ದೇಶನದ ನಾಲ್ಕನೆಯ ವಿಧಿ, ಕಾನೂನುಬದ್ಧವಾಗಿ ಕೈಗೆ ಸಿಗುವ ಬರಹ ಮತ್ತು ದತ್ತಾಂಶಗಳನ್ನು ಯಂತ್ರದ ಮೂಲಕ ಸಾಮೂಹಿಕವಾಗಿ ವಿಶ್ಲೇಷಿಸಲು ನಕಲು ಮಾಡಿಕೊಳ್ಳುವುದಕ್ಕೆ ಅವಕಾಶ ನೀಡುತ್ತದೆ. ಹಕ್ಕುದಾರರು ಅದನ್ನು ಸ್ಪಷ್ಟವಾಗಿ, ಸೂಕ್ತ ರೀತಿಯಲ್ಲಿ ಕಾಯ್ದಿರಿಸಿಕೊಂಡಿದ್ದರೆ ಮಾತ್ರ ಆ ಅವಕಾಶವಿಲ್ಲ. ಜಾಲದಲ್ಲಿ ಎಲ್ಲರಿಗೂ ತೆರೆದಿರುವ ಕೃತಿಗಳಿಗೆ ಸೂಕ್ತ ರೀತಿಯೆಂದರೆ ಯಂತ್ರ ಓದಬಲ್ಲ ರೀತಿ ಎಂದು ನಿರ್ದೇಶನ ಉದಾಹರಿಸುತ್ತದೆ. ಸಂಶೋಧನಾ ಸಂಸ್ಥೆಗಳು ವೈಜ್ಞಾನಿಕ ಸಂಶೋಧನೆಗಾಗಿ ಮಾಡುವ ವಿಶ್ಲೇಷಣೆಗೆ ಬೇರೆ ವಿಧಿಯಿದ್ದು, ಅದನ್ನು ಹೀಗೆ ತಡೆಯಲು ಬರುವುದಿಲ್ಲ. ಒಂದು ಶತಮಾನದ ಹಿಂದೆ ಬಾಗಿಲಿನಿಂದ ಹೊರಗೆ ಕಳಿಸಿದ ವಿಧಿವಿಧಾನ ಇನ್ನೊಂದು ರೂಪದಲ್ಲಿ ಒಳಗೆ ಬರುತ್ತಿದೆಯೇ ಎಂಬ ಚರ್ಚೆ ಕಾನೂನು ಬಲ್ಲವರಲ್ಲಿ ನಡೆದಿದೆ. ಆ ಚರ್ಚೆಯ ಫಲ ಏನೇ ಆಗಲಿ, ಮನುಷ್ಯರಿಗಾಗಿ ಬರೆದ ತಳದ ಸಾಲನ್ನು ಯಂತ್ರಗಳು ಅರ್ಥಮಾಡಿಕೊಂಡು ನಡೆದುಕೊಳ್ಳುತ್ತವೆ ಎಂದು ನಂಬಿ ಕೂರುವಂತಿಲ್ಲ. ಜಾಲವನ್ನು ಜಾಲಾಡುವ ತಂತ್ರಾಂಶಗಳಿಗೆ ಸೂಚನೆ ಕೊಡುವ ‘ರೋಬಾಟ್ಸ್’ ಎಂಬ ಸಣ್ಣ ಕಡತದ ಪದ್ಧತಿ 1994ರಿಂದ ಇದೆ, 2022ರಲ್ಲಿ ಅದಕ್ಕೆ ಅಧಿಕೃತ ಮಾನಕವೂ ಬಂತು. ಅದು ಬೀಗವಲ್ಲ, ವಿನಂತಿ, ಪಾಲಿಸದವರು ಪಾಲಿಸುವುದಿಲ್ಲ. ಆದರೂ ತನ್ನ ಬರಹವನ್ನು ಯಂತ್ರಗಳು ಸಂಗ್ರಹಿಸಬೇಕೇ ಬೇಡವೇ ಎಂಬ ಬಗ್ಗೆ ಜಾಲತಾಣದ ಒಡೆಯನಿಗೆ ಒಂದು ನಿಲುವು ಇದ್ದರೆ, ಅದನ್ನು ಹೇಳಬೇಕಾದ ಜಾಗ ಪುಟದ ತಳವಲ್ಲ, ಆ ಕಡತ.

ಈಗ ಆ ರೂಢಿಯ ಸಾಲಿನ ಕೆಡುಕುಗಳನ್ನೂ ಹೇಳಬೇಕು, ಏಕೆಂದರೆ ಅದು ನಿರುಪದ್ರವಿ, ಇದ್ದರೆ ಇರಲಿ ಎಂಬ ಭಾವನೆ ವ್ಯಾಪಕವಾಗಿದೆ. ತಳದ ಸಾಲು ಪುಟದಲ್ಲಿರುವ ಎಲ್ಲದಕ್ಕೂ ಒಬ್ಬನೇ ಒಡೆಯನೆಂದು ಸಾರುತ್ತದೆ. ನಿಜದಲ್ಲಿ ಒಂದೇ ಪುಟದಲ್ಲಿ ಒಬ್ಬರ ಲೇಖನ, ಇನ್ನೊಬ್ಬರ ಛಾಯಾಚಿತ್ರ, ಮತ್ತಾರೋ ರೂಪಿಸಿದ ಅಕ್ಷರಶೈಲಿ, ಮುಕ್ತ ಪರವಾನಗಿಯಲ್ಲಿ ಪಡೆದ ನಕ್ಷೆ, ಓದುಗರ ಪತ್ರ ಇವೆಲ್ಲ ಒಟ್ಟಿಗಿರಬಹುದು. ಇವುಗಳಲ್ಲಿ ಯಾವುದರ ಹಕ್ಕೂ ಕೇವಲ ಪ್ರಕಟಿಸಿದ್ದರಿಂದ ಜಾಲತಾಣದ ಪಾಲಾಗುವುದಿಲ್ಲ. ಬರ್ನ್ ಒಪ್ಪಂದದ ಹದಿನೈದನೆಯ ವಿಧಿಯ ಪ್ರಕಾರ ಕೃತಿಯ ಮೇಲೆ ರೂಢಿಯಂತೆ ಯಾರ ಹೆಸರು ಕಾಣುತ್ತದೋ ಅವರೇ ಲೇಖಕರೆಂದು, ಬೇರೆ ಸಾಕ್ಷ್ಯ ಬರುವವರೆಗೆ, ಭಾವಿಸಬೇಕು. ಲೇಖಕರ ಹೆಸರನ್ನು ಲೇಖನದ ತಲೆಯಲ್ಲಿ ಇರಿಸದೆ ಸಂಸ್ಥೆಯ ಹೆಸರನ್ನಷ್ಟೇ ತಳದಲ್ಲಿ ಇರಿಸಿದಾಗ, ನಾವು ಆ ಲೇಖಕರಿಂದ ಒಂದು ಕಾನೂನಾತ್ಮಕ ಆಧಾರವನ್ನೇ ಕಿತ್ತುಕೊಂಡಂತಾಗುತ್ತದೆ. ಇದನ್ನು ಯಾರೂ ಕೆಟ್ಟ ಉದ್ದೇಶದಿಂದ ಮಾಡುವುದಿಲ್ಲ. ಆದರೆ ಪರಿಣಾಮ ಮಾತ್ರ ಅನ್ಯಾಯವೇ.

ಹಕ್ಕಿನ ಅವಧಿ ಮುಗಿದು ಎಲ್ಲರದಾಗಿರುವ ಹಳೆಯ ಕೃತಿಗಳನ್ನು ಬೆರಳಚ್ಚು ಮಾಡಿಯೋ ಸ್ಕ್ಯಾನ್ ಮಾಡಿಯೋ ಜಾಲದಲ್ಲಿಟ್ಟು ಅದರ ಕೆಳಗೆ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು ಬರೆಯುವುದು ಇದಕ್ಕಿಂತ ಕೆಟ್ಟದ್ದು. ಹೊಸ ಮುನ್ನುಡಿ, ಟಿಪ್ಪಣಿ, ಅನುವಾದಗಳಿಗೆ ಹಕ್ಕು ಇರುತ್ತದೆ, ಅದನ್ನು ಹೇಳಿಕೊಳ್ಳಬೇಕಾದದ್ದೇ. ಮೂಲ ಪಠ್ಯಕ್ಕೆ ಹಾಗೆ ಹೇಳಿಕೊಳ್ಳುವಂತಿಲ್ಲ. ಸಾರ್ವಜನಿಕರ ಸ್ವತ್ತಾದ ವರ್ಣಚಿತ್ರಗಳನ್ನು ಇದ್ದದ್ದು ಇದ್ದ ಹಾಗೆ ತೆಗೆದ ಛಾಯಾಚಿತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ ಎಂದು 1999ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಬ್ರಿಜ್‌ಮನ್ ಆರ್ಟ್ ಲೈಬ್ರರಿಯ ಮೊಕದ್ದಮೆಯಲ್ಲಿ ಹೇಳಿತು. ಐರೋಪ್ಯ ಒಕ್ಕೂಟದ 2019ರ ನಿರ್ದೇಶನವೂ ದೃಶ್ಯಕಲೆಯ ವಿಷಯದಲ್ಲಿ ಅದೇ ನಿಲುವಿಗೆ ಬಂದಿದೆ. ಸುಳ್ಳು ಸೂಚನೆಯನ್ನು ಕಂಡು ಹಿಂಜರಿದು ಹೋದ ವಿದ್ಯಾರ್ಥಿಯ ನಷ್ಟವನ್ನು ಯಾವ ನ್ಯಾಯಾಲಯವೂ ಲೆಕ್ಕ ಹಾಕುವುದಿಲ್ಲ. ಹಾಗೆಯೇ ‘ಯಾವುದೇ ಭಾಗವನ್ನು ಯಾವುದೇ ರೂಪದಲ್ಲಿ ಬಳಸುವಂತಿಲ್ಲ’ ಎಂಬ ಕಟು ವಾಕ್ಯಗಳು ವಿಮರ್ಶೆಗಾಗಿ, ಅಧ್ಯಯನಕ್ಕಾಗಿ ನ್ಯಾಯೋಚಿತವಾಗಿ ಉಲ್ಲೇಖಿಸುವ ಅವಕಾಶವನ್ನು ಕಿತ್ತುಕೊಳ್ಳಲಾರವು. ಉಲ್ಲೇಖದ ಆ ಅವಕಾಶವನ್ನು ಬರ್ನ್ ಒಪ್ಪಂದವೇ ಎತ್ತಿಹಿಡಿದಿದೆ. ಮಾಹಿತಿ ಮತ್ತು ವಿಚಾರಗಳಂತೂ ಯಾರ ಸ್ವತ್ತೂ ಅಲ್ಲ. ಅವನ್ನು ಹೇಳಿದ ರೀತಿಗಷ್ಟೇ ಹಕ್ಕು.

ಇಸವಿಯ ಬಗ್ಗೆ ಎರಡು ಮಾತು. ಸೂಚನೆಯಲ್ಲಿ ಇರಬೇಕಾದದ್ದು ಕೃತಿ ಮೊದಲು ಪ್ರಕಟವಾದ ವರ್ಷ. ಅನೇಕ ಜಾಲತಾಣಗಳಲ್ಲಿ ಪ್ರತಿ ಜನವರಿಯಲ್ಲಿ ತಾನಾಗಿಯೇ ಬದಲಾಗುವ ಇಸವಿ ಇರುತ್ತದೆ, ಹತ್ತು ವರ್ಷ ಹಳೆಯ ಲೇಖನವೂ ಈ ವರ್ಷದ್ದೆಂಬಂತೆ ತೋರುತ್ತದೆ. ಜಾಲತಾಣ ಚಾಲ್ತಿಯಲ್ಲಿದೆ ಎಂದು ತೋರಿಸುವುದಕ್ಕೆ ಅದು ಸರಿ ಇರಬಹುದು, ಹಕ್ಕಿನ ದಾಖಲೆಯಾಗಿ ಅದು ತಪ್ಪು ಹೇಳಿಕೆ. ಲೇಖಕನ ಹೆಸರಿಲ್ಲದ ಕೃತಿಗಳಿಗೆ ಹಕ್ಕಿನ ಅವಧಿಯನ್ನು ಸಾಮಾನ್ಯವಾಗಿ ಪ್ರಕಟಣೆಯಿಂದಲೇ ಎಣಿಸುತ್ತಾರೆ. ಹಲವು ದೇಶಗಳಲ್ಲಿ ಸಂಸ್ಥೆಗಳ ಕೃತಿಗಳಿಗೂ ಹಾಗೆಯೇ. ಅಂಥ ಕೃತಿಯ ಮೊದಲ ದಿನಾಂಕ ಕಳೆದುಹೋದರೆ ಮುಂದೆ ಅದು ಎಂದು ಎಲ್ಲರದಾಗುತ್ತದೆಂದು ಹೇಳಲು ಯಾರಿಗೂ ಆಗುವುದಿಲ್ಲ. ಪ್ರತಿ ಪುಟಕ್ಕೆ ಅದರದೇ ಪ್ರಕಟಣೆಯ ದಿನಾಂಕ, ಮಹತ್ವದ ತಿದ್ದುಪಡಿಯಾದರೆ ಅದರ ದಿನಾಂಕ, ಇಷ್ಟಿದ್ದರೆ ತಳದ ಇಸವಿಯ ಅಗತ್ಯವೇ ಬೀಳದು.

ಇಷ್ಟೆಲ್ಲವನ್ನೂ ಹೇಳಿದ ಮೇಲೆ, ನನ್ನ ಮನಸ್ಸಿಗೆ ಅತ್ಯಂತ ಮುಖ್ಯವೆನಿಸುವ ಭಾಗಕ್ಕೆ ಬರುತ್ತೇನೆ. ಹಕ್ಕು ತಾನಾಗಿ ಹುಟ್ಟುತ್ತದೆ ಎಂಬ ತತ್ವಕ್ಕೆ ಇನ್ನೊಂದು ಮುಖವಿದೆ: ಏನನ್ನೂ ಹೇಳದಿದ್ದರೆ ಎಲ್ಲವೂ ನಿಷಿದ್ಧ. ಹಿಂದೆ ಮೌನವೆಂದರೆ ಒಪ್ಪಿಗೆಯಾಗಿತ್ತು, ಹಕ್ಕು ಬೇಕಾದವನು ಬಾಯಿಬಿಟ್ಟು ಹೇಳಬೇಕಿತ್ತು. ಈಗ ಮೌನವೆಂದರೆ ನಿರಾಕರಣೆ, ಅನುಮತಿ ಕೊಡಬಯಸುವವನು ಬಾಯಿಬಿಟ್ಟು ಹೇಳಬೇಕು. ಹಾಗಾದರೆ ಸೂಚನೆಯ ಅಗತ್ಯ ಹೆಚ್ಚಾಗಿರುವುದು ಕಾಯ್ದಿರಿಸುವವನಿಗಲ್ಲ, ಹಂಚಿಕೊಳ್ಳಬಯಸುವವನಿಗೆ. ಜಾಲದ ಚರಿತ್ರೆಯೇ ಇದಕ್ಕೆ ದೊಡ್ಡ ಸಾಕ್ಷಿ. ತಾನು ರೂಪಿಸಿದ ಜಾಲದ ತಂತ್ರಾಂಶವನ್ನು ಸಾರ್ವಜನಿಕರ ಸ್ವತ್ತಾಗಿಸಿ, ಯಾರು ಬೇಕಾದರೂ ಬಳಸಬಹುದು, ಮಾರ್ಪಡಿಸಬಹುದು, ಹಂಚಬಹುದು ಎಂದು 1993ರ ಏಪ್ರಿಲ್ 30ರಂದು ಸರ್ನ್ ಲಿಖಿತವಾಗಿ ಘೋಷಿಸಿತು. ಅದೇ ವರ್ಷದ ಆರಂಭದಲ್ಲಿ ಅಂತರ್ಜಾಲದಲ್ಲಿ ಮಾಹಿತಿ ಹುಡುಕಿ ಓದಲು ಆಗ ಹೆಚ್ಚು ಜನಪ್ರಿಯವಾಗಿದ್ದ ಗೋಫರ್ ಎಂಬ ವ್ಯವಸ್ಥೆಯ ಒಡೆತನ ಹೊಂದಿದ್ದ ಮಿನೆಸೋಟಾ ವಿಶ್ವವಿದ್ಯಾಲಯ, ಅದರ ಸರ್ವರ್ ತಂತ್ರಾಂಶಕ್ಕೆ ಕೆಲವರಿಂದ ಶುಲ್ಕ ಪಡೆಯುವುದಾಗಿ ಪ್ರಕಟಿಸಿತ್ತು. ಜಾಲ ಬೆಳೆದದ್ದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಹಕ್ಕಿನ ಕುರಿತು ಸ್ಪಷ್ಟವಾಗಿ ಬರೆದ ಆ ಘೋಷಣೆ ಅವುಗಳಲ್ಲಿ ಒಂದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಎಲ್ಲರೂ ಸರ್ನ್‌ನಂತೆ ಎಲ್ಲವನ್ನೂ ಬಿಟ್ಟುಕೊಡಬೇಕಾಗಿಲ್ಲ. ಬರಹದಿಂದ ಬದುಕುವವರು ಪೂರ್ಣ ಹಕ್ಕನ್ನು ಉಳಿಸಿಕೊಳ್ಳುವುದು ಅವರ ಅಧಿಕಾರ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಆದರೆ ತಮ್ಮ ಲೇಖನವನ್ನು ಶಾಲೆಯಲ್ಲಿ ಓದಿಸಿದರೆ, ಗ್ರಂಥಾಲಯದ ಗೋಡೆಯ ಮೇಲೆ ಅಂಟಿಸಿದರೆ, ಹೆಸರು ಹೇಳಿ ಬೇರೆಡೆ ಪ್ರಕಟಿಸಿದರೆ ಸಂತೋಷಪಡುವ ಅಸಂಖ್ಯ ಲೇಖಕರು ತಮ್ಮ ಪುಟಗಳ ಕೆಳಗೆ ಅಭ್ಯಾಸಬಲದಿಂದ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು ಬರೆದಿರುತ್ತಾರೆ. ಓದುಗ ಆ ಸಾಲನ್ನು ನಂಬಿ ಹಿಂದೆ ಸರಿಯುತ್ತಾನೆ. ಇಬ್ಬರೂ ಬಯಸಿದ್ದ ಒಂದು ಒಳ್ಳೆಯ ಕೆಲಸ ನಡೆಯುವುದೇ ಇಲ್ಲ. 2001ರಲ್ಲಿ ಸ್ಥಾಪನೆಯಾದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರ ಡಿಸೆಂಬರಿನಲ್ಲಿ ತನ್ನ ಮೊದಲ ಪರವಾನಗಿಗಳನ್ನು ಹೊರತಂದದ್ದು ಈ ತೊಡಕನ್ನು ಬಿಡಿಸುವುದಕ್ಕಾಗಿಯೇ. ಹೆಸರು ಹೇಳಿದರೆ ಸಾಕು ಎನ್ನುವುದರಿಂದ ಹಿಡಿದು, ಮಾರಾಟ ಕೂಡದು, ಬದಲಾವಣೆ ಕೂಡದು ಎನ್ನುವವರೆಗೆ ಅದರಲ್ಲಿ ಆರು ಮುಖ್ಯ ಬಗೆಗಳಿವೆ. ಆಯ್ದುಕೊಳ್ಳುವ ಮುನ್ನ ಒಂದು ಸಂಗತಿಯನ್ನು ಚೆನ್ನಾಗಿ ಯೋಚಿಸಬೇಕು: ಒಮ್ಮೆ ಕೊಟ್ಟ ಈ ಅನುಮತಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ, ನಾಳೆಯಿಂದ ಹಂಚುವುದನ್ನು ನಿಲ್ಲಿಸಬಹುದು, ಆದರೆ ಇಂದಿನವರೆಗೆ ಪಡೆದವರು ಷರತ್ತು ಪಾಲಿಸುವವರೆಗೆ ಬಳಸುತ್ತಲೇ ಇರಬಹುದು. ತನ್ನದಲ್ಲದ ಚಿತ್ರ ಪುಟದಲ್ಲಿದ್ದರೆ ಪರವಾನಗಿ ಬರಹಕ್ಕಷ್ಟೇ ಅನ್ವಯಿಸುತ್ತದೆಂದೂ ಬರೆಯಬೇಕು.

ಪರವಾನಗಿ ಬೇಡವೆಂದರೆ ಕನಿಷ್ಠ ಪಕ್ಷ ಕೇಳುವ ದಾರಿಯನ್ನಾದರೂ ತೆರೆದಿಡಬೇಕು. ಒಡೆಯರು ಯಾರೆಂದು ತಿಳಿಯದ, ತಿಳಿದರೂ ಎಲ್ಲಿದ್ದಾರೆಂದು ಗೊತ್ತಾಗದ ಕೃತಿಗಳನ್ನು ಕಾನೂನಿನ ಭಾಷೆಯಲ್ಲಿ ಅನಾಥ ಕೃತಿಗಳೆನ್ನುತ್ತಾರೆ. ಐರೋಪ್ಯ ಒಕ್ಕೂಟ 2012ರಲ್ಲಿ ಇವುಗಳಿಗಾಗಿಯೇ ಒಂದು ನಿರ್ದೇಶನ ಹೊರಡಿಸಬೇಕಾಯಿತು. ಗ್ರಂಥಾಲಯಗಳು ಶ್ರದ್ಧೆಯಿಂದ ಹುಡುಕಿಯೂ ಒಡೆಯ ಸಿಗದಿದ್ದರೆ ಮಾತ್ರ ಅವನ್ನು ಜಾಲಕ್ಕೇರಿಸಬಹುದು. ಮುದ್ರಿತ ಪುಸ್ತಕದಲ್ಲಿ ಪ್ರಕಾಶಕರ ವಿಳಾಸವಾದರೂ ಇರುತ್ತದೆ. ಜಾಲದ ಪುಟಗಳಲ್ಲಿ ಅಡ್ಡಹೆಸರು, ಬದಲಾಗುತ್ತಲೇ ಇರುವ ಇಸವಿ, ಕೆಲಸ ಮಾಡದ ಸಂಪರ್ಕದ ಕೊಂಡಿ ಇವಷ್ಟೇ ಉಳಿದಿರುವುದುಂಟು. ಇಂದು ಬರೆಯುತ್ತಿರುವ ನಾವು ಅನಾಥ ಕೃತಿಗಳ ಅತಿದೊಡ್ಡ ರಾಶಿಯನ್ನು ಮುಂದಿನವರಿಗೆ ಬಿಟ್ಟುಹೋಗುತ್ತಿದ್ದೇವೆ ಎಂಬುದು ನನ್ನ ಆತಂಕ, ಮತ್ತು ಈ ವಿಷಯವನ್ನು ನಾನು ಇಷ್ಟು ವಿಸ್ತಾರವಾಗಿ ಎತ್ತಿಕೊಂಡದ್ದಕ್ಕೆ ಅದೇ ಕಾರಣ.

ಒಂದು ವ್ಯಾವಹಾರಿಕ ಅಂಶವನ್ನು ಸೇರಿಸಿ ನಿಲ್ಲಿಸುತ್ತೇನೆ. ಬರ್ನ್ ಒಪ್ಪಂದದ ಪ್ರಕಾರ ಹಕ್ಕಿನ ಅವಧಿ ಲೇಖಕನ ಜೀವಿತಕಾಲ ಮತ್ತು ಅದರ ನಂತರದ ಕನಿಷ್ಠ 50 ವರ್ಷ. ಭಾರತದಲ್ಲಿ ಅದು 60, ಅಮೆರಿಕ ಮತ್ತು ಯುರೋಪಿನಲ್ಲಿ 70. ಜಾಲತಾಣದ ಹೆಸರಿನ ನೋಂದಣಿಯಾದರೋ ವರ್ಷಗಳ ಲೆಕ್ಕದಲ್ಲಿ ನವೀಕರಣವಾಗುವಂಥದು. ಶುಲ್ಕ ಕಟ್ಟುವವರಿಲ್ಲವಾದಾಗ ತಾಣ ಮುಚ್ಚುತ್ತದೆ, ಹಕ್ಕು ಮಾತ್ರ ದಶಕಗಳ ಕಾಲ ಉಳಿಯುತ್ತದೆ. ಆಗ ಆ ಬರಹ ಸಿಗುವುದು 1996ರಿಂದ ಕೆಲಸ ಮಾಡುತ್ತಿರುವ ಇಂಟರ್‌ನೆಟ್ ಆರ್ಕೈವ್‌ನಂಥ ಸಂಗ್ರಹಗಳಲ್ಲಿ, ಅದೂ ಬಿಡಿ ಪುಟಗಳಾಗಿ. ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ ಎಷ್ಟೇ ವಿವರವಾಗಿ ಹಕ್ಕಿನ ಮಾಹಿತಿ ಬರೆದಿದ್ದರೂ ಆ ಪುಟ ಸಂಗ್ರಹಕ್ಕೆ ಸೇರದೆ ಹೋಗಿರಬಹುದು. ಆದ್ದರಿಂದ ಲೇಖಕರ ಹೆಸರು, ಮೊದಲು ಪ್ರಕಟವಾದ ದಿನಾಂಕ, ಬಳಕೆಗೆ ಕೊಟ್ಟ ಅನುಮತಿ ಅಥವಾ ಅನುಮತಿ ಕೇಳಬೇಕಾದ ವಿಳಾಸ, ತನ್ನ ನಂತರ ಆ ಅನುಮತಿ ಕೊಡುವವರು ಯಾರು ಎಂಬ ಮಾತು, ಇಷ್ಟನ್ನು ಪ್ರತಿಯೊಂದು ಲೇಖನದ ಪುಟದಲ್ಲೇ, ಲೇಖನಕ್ಕೆ ಅಂಟಿಕೊಂಡಂತೆ, ಸಾಮಾನ್ಯ ಅಕ್ಷರಗಳಲ್ಲಿ ಬರೆದಿಡಬೇಕು.